ಬೇರ್‌ಫೂಟ್ ಶೂ: ಮೊದಲು ಅಗಲ, ಆಮೇಲೆ ಹಿಮ್ಮಡಿ, ಕೊನೆಗೆ ತೆಳು ಅಟ್ಟೆ

ಬೇರ್‌ಫೂಟ್ ಶೂ ಹಾಕಿ ಕಾಲು ನೋಯಿಸಿಕೊಂಡವರ ಕತೆ ಹೆಚ್ಚುಕಡಿಮೆ ಒಂದೇ. ಇಪ್ಪತ್ತು ವರ್ಷ ದಪ್ಪ ಅಟ್ಟೆಯ ಶೂನಲ್ಲಿದ್ದ ಕಾಲಿಗೆ ಒಂದು ಸೋಮವಾರ ಬೆಳಿಗ್ಗೆ 5 ಮಿ.ಮೀ. ಅಟ್ಟೆಯ ಶೂ ಹಾಕಿ ದಿನವಿಡೀ ಓಡಾಡುತ್ತಾರೆ. ಬುಧವಾರದ ಹೊತ್ತಿಗೆ ಮೀನಖಂಡ ಬಿಗಿದುಕೊಂಡಿರುತ್ತದೆ. ಮೂರನೇ ವಾರಕ್ಕೆ ಪಾದದ ಮೇಲ್ಭಾಗ ಊದಿ, ಶೂ ಅಟ್ಟ ಸೇರುತ್ತದೆ. ಆಮೇಲೆ ‘ಇದೆಲ್ಲ ಬರೀ ಮಾರ್ಕೆಟಿಂಗ್’ ಅನ್ನುವ ತೀರ್ಪು. ಇಷ್ಟು ಉಪಯೋಗದ ವಸ್ತುವೊಂದು ಅವಸರದಿಂದ ಹೀಗೆ ಹೆಸರು ಕೆಡಿಸಿಕೊಳ್ಳುವುದು ಬೇಸರದ ಸಂಗತಿ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಈ ಶೂಗಳ ಲಕ್ಷಣ ನಾಲ್ಕು: ಬೆರಳುಗಳಿಗೆ ಅಗಲವಾದ ಜಾಗ, ಒಂದೇ ಮಟ್ಟದಲ್ಲಿರುವ ಹಿಮ್ಮಡಿ ಮತ್ತು ಮುಂಗಾಲು, ಇನ್‌ಸೋಲ್ ಸೇರಿ ಸಾಮಾನ್ಯವಾಗಿ 10 ಮಿ.ಮೀ. ದಾಟದ ಅಟ್ಟೆ, ಕೈಯಲ್ಲೇ ಸುರುಳಿ ಸುತ್ತಬಹುದಾದಷ್ಟು ಮೆದುತನ. ರೀಲ್ಸ್‌ನಲ್ಲಿ ಕಾಣುವುದು ಕೊನೆಯ ಎರಡು ಮಾತ್ರ, ಶೂವನ್ನು ಮುಷ್ಟಿಯಲ್ಲಿ ಮಡಚಿ ತೋರಿಸಿದರೆ ನೋಡಲು ಚೆಂದ. ನಿತ್ಯ ಹಾಕುವವರಿಗೆ ಮುಖ್ಯವಾದದ್ದು ಮೊದಲಿನ ಎರಡು. ಅಗಲ ಹೆಚ್ಚಾದರೆ ಕಾಲಿಗೆ ಹೊಸ ಹೊರೆ ಏನೂ ಬೀಳುವುದಿಲ್ಲ. ಹಿಮ್ಮಡಿ ಇಳಿದರೆ ಮೀನಖಂಡ, ಅದನ್ನು ಹಿಮ್ಮಡಿಗೆ ಕಟ್ಟುವ ಅಕಿಲಿಸ್ ಸ್ನಾಯುರಜ್ಜು ಹೊಂದಿಕೊಳ್ಳಬೇಕು, ಅದಕ್ಕೆ ತಿಂಗಳುಗಳು ಹಿಡಿಯುತ್ತವೆ. ಅಟ್ಟೆ ತೆಳುವಾದರೆ ಹೊಂದಿಕೊಳ್ಳಬೇಕಾದದ್ದು ಮೂಳೆ. ಅಲ್ಲಿ ಅವಸರ ಮಾಡಿದರೆ ಬಿರುಕು ಬಿಡುವುದೂ ಉಂಟು.

ಅಗಲದಿಂದ ಶುರು ಮಾಡೋಣ. ಸಂಜೆ ಹೊತ್ತು, ಪಾದ ಸ್ವಲ್ಪ ಊದಿಕೊಂಡಿರುವಾಗ, ಬಿಳಿ ಹಾಳೆಯ ಮೇಲೆ ಹಿಮ್ಮಡಿಯನ್ನು ಗೋಡೆಗೆ ತಾಗಿಸಿ ನಿಲ್ಲಿ. ಕುಳಿತು ಅಳೆಯಬೇಡಿ, ಭಾರ ಬಿದ್ದಾಗಲೇ ಪಾದ ಹರಡಿಕೊಳ್ಳುವುದು. ಮನೆಯವರಲ್ಲಿ ಯಾರಾದರೂ ಪೆನ್ಸಿಲ್ ನೆಟ್ಟಗೆ ಹಿಡಿದು ಸುತ್ತ ಗೆರೆ ಎಳೆಯಲಿ. ಪೆನ್ಸಿಲ್ ಒಳಕ್ಕೆ ವಾಲಿದರೆ ಕೆಲವು ಮಿಲಿಮೀಟರ್ ತಪ್ಪುತ್ತದೆ, ಇಲ್ಲಿ ಅಷ್ಟೂ ಲೆಕ್ಕಕ್ಕೆ ಬರುತ್ತದೆ. ಎರಡೂ ಪಾದ ಬರೆದು ದೊಡ್ಡದನ್ನೇ ಹಿಡಿಯಿರಿ. ಉದ್ದವನ್ನು ಎಲ್ಲಕ್ಕಿಂತ ಮುಂದಿರುವ ಬೆರಳಿನ ತುದಿಗೆ ಅಳೆಯಿರಿ, ಹಲವರಿಗೆ ಎರಡನೇ ಬೆರಳೇ ಉದ್ದ. ಈಗ ನೀವು ದಿನಾ ಹಾಕುವ ಶೂನ ಇನ್‌ಸೋಲ್ ಎಳೆದು ತೆಗೆದು ಆ ಚಿತ್ರದ ಮೇಲಿಡಿ. ಕಿರುಬೆರಳಿನ ಪಕ್ಕ ಪೆನ್ಸಿಲ್ ಗೆರೆ ಇನ್‌ಸೋಲಿನ ಅಂಚಿನಿಂದ ಎಷ್ಟು ಹೊರಗೆ ಕಾಣುತ್ತದೋ ಅಷ್ಟು ಪಾದ ಬೆಳಗಿಂದ ಸಂಜೆವರೆಗೆ ಒಳಕ್ಕೆ ಒತ್ತಿಕೊಂಡಿರುತ್ತದೆ. ಚೂಪು ಮೂತಿಯ ಫಾರ್ಮಲ್ ಶೂ ಆದರೆ ಹೆಬ್ಬೆರಳಿನ ಪಕ್ಕದಲ್ಲೂ ಗೆರೆ ಹೊರಗಿರುತ್ತದೆ.

ಕೊಳ್ಳುವ ಶೂ ಪರೀಕ್ಷೆಯೂ ಇದೇ. ಇನ್‌ಸೋಲ್ ಹೊರತೆಗೆದು ಅದರ ಮೇಲೆ ನಿಂತರೆ ಐದೂ ಬೆರಳು ಅಂಚಿನೊಳಗಿರಬೇಕು, ಮುಂದೆ 8ರಿಂದ 12 ಮಿ.ಮೀ. ಖಾಲಿ ಉಳಿಯಬೇಕು. ಆನ್‌ಲೈನ್‌ನಲ್ಲಿ ಕೊಳ್ಳುವುದಾದರೆ 8, 9 ಎಂಬ ನಂಬರ್ ನಂಬಬೇಡಿ. ಒಳಗಿನ ಉದ್ದ, ಅಗಲ ಎಷ್ಟು ಮಿ.ಮೀ. ಎಂದು ಹಾಕದ ಕಂಪನಿಗೆ ಕೇಳಿ, ಹೇಳದಿದ್ದರೆ ಬಿಡಿ. ಅಂಗಡಿಯಲ್ಲಿ ‘ಹಾಕ್ತಾ ಹಾಕ್ತಾ ಲೂಸ್ ಆಗುತ್ತೆ ಸಾರ್’ ಅನ್ನುತ್ತಾರೆ. ಲೂಸ್ ಆಗುವುದು ಮೇಲಿನ ಚರ್ಮ ಮಾತ್ರ, ಕೆಳಗಿನ ಅಟ್ಟೆ ಹಿಗ್ಗುವುದಿಲ್ಲ. ಕಿರುಬೆರಳು ಅಟ್ಟೆಯ ಅಂಚು ದಾಟಿ ಹೊರಗೆ ವಾಲುತ್ತದೆ, ಆಣಿ ಏಳುವುದು ಅಲ್ಲೇ. ಅಗಲ ಸಾಲದೆಂದು ಒಂದು ನಂಬರ್ ದೊಡ್ಡದು ಕೊಳ್ಳುವುದೂ ಪರಿಹಾರವಲ್ಲ. ಶೂ ಮಡಚುವ ಜಾಗ ನಿಮ್ಮ ಬೆರಳ ಬುಡಕ್ಕಿಂತ ಮುಂದೆ ಹೋಗುತ್ತದೆ, ಹಿಮ್ಮಡಿ ಜಾರಿ ಗುಳ್ಳೆ ಏಳುತ್ತದೆ. ಸಾಕ್ಸ್ ಮರೆಯಬೇಡಿ. ಅಗಲ ಶೂನೊಳಗೆ ಬಿಗಿ ನೈಲಾನ್ ಸಾಕ್ಸ್ ಹಾಕಿದರೆ ಕೊಟ್ಟ ದುಡ್ಡು ವ್ಯರ್ಥ. ಸಡಿಲ ಹತ್ತಿ ಸಾಕ್ಸ್ ಇರಲಿ, ಇಲ್ಲವೇ ಬೆರಳು ಬೆರಳಿಗೆ ಬೇರೆ ಇರುವ ಸಾಕ್ಸ್. ಹೆಬ್ಬೆರಳ ಬುಡದಲ್ಲಿ ಈಗಾಗಲೇ ಗಂಟು ಬೆಳೆದವರಿಗೆ ಅಗಲ ಶೂನಿಂದ ಉಜ್ಜಾಟ, ನೋವು ತಗ್ಗುತ್ತದೆ. ವಾಲಿದ ಮೂಳೆ ಮೊದಲಿನಂತೆ ನೆಟ್ಟಗಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

‘ನಾವು ಹೇಗೂ ಮನೆಯಲ್ಲಿ ಬರಿಗಾಲು, ಹೊರಗೆ ಹವಾಯಿ ಚಪ್ಪಲಿ, ನಮಗೇನು ಅಭ್ಯಾಸ ಬೇಕು’ ಎನ್ನುವವರಿದ್ದಾರೆ. ಅರ್ಧ ನಿಜ. ಬೆರಳುಗಳು ಹರಡಿಕೊಂಡೇ ಇರುತ್ತವೆ, ಅದು ನಮಗಿರುವ ಅನುಕೂಲ. ಆದರೆ ಹಿಂದೆ ಪಟ್ಟಿ ಇಲ್ಲದ ಚಪ್ಪಲಿ ಕಳಚದಂತೆ ಪ್ರತಿ ಹೆಜ್ಜೆಗೂ ಬೆರಳುಗಳು ಅದನ್ನು ಕಚ್ಚಿ ಹಿಡಿಯಬೇಕು, ನಡಿಗೆ ಎಳೆದಂತಾಗುತ್ತದೆ. ಮೆತ್ತನೆ ರಬ್ಬರು ನೆಲದ ಸುಳಿವನ್ನೂ ನುಂಗುತ್ತದೆ. ಮನೆಯ ನುಣುಪು ನೆಲಕ್ಕೂ ಜಲ್ಲಿ ಎದ್ದ ರಸ್ತೆಯಲ್ಲಿ ಎರಡು ಕಿಲೋಮೀಟರ್ ನಡೆಯುವುದಕ್ಕೂ ಹೋಲಿಕೆಯೇ ಇಲ್ಲ. ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಟೆ ಸ್ಯಾಂಡಲ್ ಇದ್ದರೆ, ಹೊಸ ಶೂ ಕೊಳ್ಳುವ ಮೊದಲು ಒಂದು ತಿಂಗಳು ಅದರಲ್ಲೇ ಅಭ್ಯಾಸ ಮಾಡಬಹುದು.

ಇನ್ನು ಹಿಮ್ಮಡಿ. ಸಾಮಾನ್ಯ ರನ್ನಿಂಗ್ ಶೂನಲ್ಲಿ ಹಿಮ್ಮಡಿ ಮುಂಗಾಲಿಗಿಂತ 8ರಿಂದ 12 ಮಿ.ಮೀ. ಎತ್ತರ. ಆಫೀಸಿನ ಕಪ್ಪು ಶೂನ ಹೀಲ್ ಅದಕ್ಕಿಂತಲೂ ಎತ್ತರ. ವರ್ಷಗಟ್ಟಲೆ ಆ ಎತ್ತರಕ್ಕೆ ಒಗ್ಗಿದ ಮೀನಖಂಡ ಒಮ್ಮೆಲೇ ಕೆಳಗಿಳಿದರೆ ಪ್ರತಿ ಹೆಜ್ಜೆಗೂ ಹೆಚ್ಚು ಹಿಗ್ಗಬೇಕಾಗುತ್ತದೆ, ಆ ಎಳೆತ ಅಕಿಲಿಸ್ ಮೇಲೆ ಬೀಳುತ್ತದೆ. ನಿಮ್ಮ ಕಾಲು ಸಿದ್ಧವಿದೆಯೇ ಎಂದು ಮನೆಯಲ್ಲೇ ನೋಡಬಹುದು. ಹೆಬ್ಬೆರಳ ತುದಿ ಗೋಡೆಯಿಂದ 10 ಸೆಂ.ಮೀ. ದೂರ ಇರುವಂತೆ ನಿಂತು, ಹಿಮ್ಮಡಿ ಏಳದಂತೆ ಮಂಡಿಯನ್ನು ಗೋಡೆಗೆ ತಾಗಿಸಿ. ತಾಗದಿದ್ದರೆ ಕಾಲಿನ ಗಿಣ್ಣು ಬಿಗಿಯಿದೆ ಎಂದರ್ಥ. ಆಮೇಲೆ ಒಂದೇ ಕಾಲಿನಲ್ಲಿ ನಿಂತು, ಗೋಡೆಗೆ ಬೆರಳಷ್ಟೇ ತಾಗಿಸಿ, ಹಿಮ್ಮಡಿಯನ್ನು ಪೂರ್ತಿ ಎತ್ತಿ ಇಳಿಸಿ. ಇಪ್ಪತ್ತು ಸಲ ಮಾಡಲಾದರೆ ಒಳ್ಳೆಯದು. ಆರೇಳಕ್ಕೇ ಕಾಲು ನಡುಗಿದರೆ ಶೂ ಕೊಳ್ಳುವುದನ್ನು ಆರು ವಾರ ಮುಂದೂಡಿ, ಎರಡು ಕಾಲಿನಲ್ಲಿ 15ರಂತೆ ಮೂರು ಸುತ್ತು, ದಿನ ಬಿಟ್ಟು ದಿನ ಮಾಡಿ.

ಪಾದದೊಳಗಿನ ಚಿಕ್ಕ ಸ್ನಾಯುಗಳಿಗೆ ಬೇರೊಂದು ವ್ಯಾಯಾಮ. ಪಾದ ನೆಲಕ್ಕೆ ಊರಿ, ಬೆರಳು ಮಡಚದೆ, ಹೆಬ್ಬೆರಳ ಬುಡವನ್ನು ಹಿಮ್ಮಡಿಯ ಕಡೆಗೆ ಎಳೆದುಕೊಳ್ಳಿ, ಕಮಾನು ಸ್ವಲ್ಪ ಏಳುತ್ತದೆ. ಐದು ಸೆಕೆಂಡ್ ಹಿಡಿದು ಬಿಡಿ, ಹತ್ತು ಸಲ. ಮೊದಮೊದಲು ಬೆರಳುಗಳು ಮಡಚಿಕೊಂಡೇ ತೀರುತ್ತವೆ. ಹಾಗಾದಾಗ ಕೈಯಿಂದ ಬೆರಳುಗಳನ್ನು ಮೆಲ್ಲಗೆ ಅದುಮಿ ಹಿಡಿದು ಮಾಡಿ, ಎರಡು ವಾರದಲ್ಲಿ ಹಿಡಿತ ಸಿಗುತ್ತದೆ.

ನಾನು ಸೂಚಿಸುವ ದಾರಿ ಹೀಗಿದೆ. ಮೊದಲ ಶೂ ಅಗಲ ಮೂತಿಯದು, ಹಿಮ್ಮಡಿ ವ್ಯತ್ಯಾಸ 4 ಮಿ.ಮೀ. ಅಥವಾ ಸೊನ್ನೆ, ಆದರೆ ಅಟ್ಟೆ 15–20 ಮಿ.ಮೀ. ದಪ್ಪವೇ ಇರಲಿ. ಅದರಲ್ಲಿ ಎರಡು ಮೂರು ತಿಂಗಳು. ಆಮೇಲೆ 8–10 ಮಿ.ಮೀ. ಅಟ್ಟೆಯದು. ಎರಡು ಜೊತೆಗೆ ದುಡ್ಡಿಲ್ಲ ಅನ್ನುವವರು ನೇರವಾಗಿ ಎರಡನೆಯದನ್ನೇ ಕೊಂಡು, ಹಳೆಯ ಶೂ ಬ್ಯಾಗಿನಲ್ಲಿಟ್ಟುಕೊಳ್ಳಿ. ಮೊದಲ ವಾರ ದಿನಕ್ಕೆ 20 ನಿಮಿಷ ಹಾಕಿ ಬದಲಾಯಿಸಿ. ನಾಲ್ಕೈದು ದಿನಕ್ಕೊಮ್ಮೆ 10 ನಿಮಿಷ ಏರಿಸುತ್ತ ಹೋಗಿ. ಒಟ್ಟು ಮೂರು ತಿಂಗಳು ಎಂದಿಟ್ಟುಕೊಳ್ಳಿ. ನಲವತ್ತೈದು ದಾಟಿದವರು, ದಿನವಿಡೀ ಕುರ್ಚಿಯಲ್ಲೇ ಇರುವವರು ಆರು ತಿಂಗಳು ಇಟ್ಟುಕೊಂಡರೆ ಏನೂ ನಷ್ಟವಿಲ್ಲ. ಏರಿಸಬೇಕೋ ಬೇಡವೋ ಎಂಬುದನ್ನು ಮರುದಿನ ಬೆಳಿಗ್ಗೆ ನಿರ್ಧರಿಸಿ. ಹಾಸಿಗೆಯಿಂದೆದ್ದು ಇಡುವ ಮೊದಲ ಹೆಜ್ಜೆಗೆ ಹಿಮ್ಮಡಿ ಚುಚ್ಚಿದರೆ ಹಿಂದಿನ ವಾರದ ಅಳತೆಗೇ ಇಳಿಯಿರಿ.

ಆಫೀಸಿಗೆ ಹಾಕುವವರು ಒಂದು ವಿಷಯ ಮೊದಲೇ ನೋಡಿಕೊಳ್ಳಿ. ಹೀಲ್ ಹೋದರೆ ಪ್ಯಾಂಟಿನ ತುದಿ ನೆಲ ಗುಡಿಸುತ್ತದೆ, ಟೈಲರ್ ಹತ್ತಿರ ಒಂದೂವರೆ ಎರಡು ಸೆಂಟಿಮೀಟರ್ ಮಡಿಸಿ ಹೊಲಿಸಬೇಕಾಗುತ್ತದೆ. ಹೀಲ್ಸ್ ಅಂದಾಜಿಗೆ ಸೀರೆ ಉಡುವವರಿಗೂ ಅಷ್ಟೇ. ಎತ್ತರದ ಹೀಲ್ಸ್ ಅಭ್ಯಾಸವಿರುವ ಹೆಣ್ಣುಮಕ್ಕಳು ಒಂದೇ ಸಲ ಸೊನ್ನೆಗೆ ಬರಬಾರದು, ನಡುವೆ ಎರಡು ಮೂರು ಸೆಂಟಿಮೀಟರ್ ಎತ್ತರದ ಚಪ್ಪಲಿಯಲ್ಲಿ ಒಂದೆರಡು ತಿಂಗಳು ಇರಲಿ.

ಯಾವ ನೋವು ಸಹಜ, ಯಾವುದು ಅಲ್ಲ? ಎರಡೂ ಮೀನಖಂಡದಲ್ಲಿ ಹರಡಿದಂತೆ ಇರುವ, ಎರಡು ದಿನದಲ್ಲಿ ಹೋಗುವ ನೋವು ಸಹಜ. ಒಂದೇ ಕಾಲಿನಲ್ಲಿ, ಒಂದೇ ಬಿಂದುವಿನಲ್ಲಿ, ನಡೆದಷ್ಟೂ ಹೆಚ್ಚುವ ನೋವು ಸಹಜವಲ್ಲ. ಬೆರಳುಗಳ ಹಿಂದೆ ಪಾದದ ಮೇಲ್ಭಾಗದಲ್ಲಿ ಐದು ಉದ್ದ ಮೂಳೆಗಳಿವೆ. ಕೈಯ ಹೆಬ್ಬೆರಳ ತುದಿಯಿಂದ ಒಂದೊಂದನ್ನೇ ಒತ್ತುತ್ತಾ ಬನ್ನಿ. ಎರಡನೆಯದೋ ಮೂರನೆಯದೋ ಒಂದು ಕಡೆ ಚಿಟ್ಟನೆ ಚೀರುವಷ್ಟು ನೋಯುತ್ತಿದ್ದರೆ, ಮೇಲೆ ಊತವೂ ಇದ್ದರೆ, ಅವತ್ತೇ ನಿಲ್ಲಿಸಿ ಮೂಳೆ ವೈದ್ಯರನ್ನು ನೋಡಿ. ಇಂಥ ಕೂದಲೆಳೆ ಬಿರುಕು ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು. ಎಕ್ಸ್‌ರೇ ಚೆನ್ನಾಗಿದೆ ಅಂದರೂ ನೋವಿರುವಷ್ಟು ದಿನ ತೆಳು ಶೂ ಬೇಡ.

ಇದು ಸುಮ್ಮನೆ ಹೆದರಿಸುವ ಮಾತಲ್ಲ. ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದವರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಓಟಗಾರರು ಹತ್ತು ವಾರದಲ್ಲಿ ಬೆರಳುಗಳಿರುವ ವಿಬ್ರಮ್ ಫೈವ್‌ಫಿಂಗರ್ಸ್ ಶೂಗೆ ಬದಲಾದರು. ಎಂಆರ್‌ಐ ಮಾಡಿದಾಗ 19 ಜನರಲ್ಲಿ 10 ಜನರ ಪಾದದ ಮೂಳೆಯೊಳಗೆ ಊತ ಹೆಚ್ಚಿತ್ತು. ಹಳೆಯ ಶೂನಲ್ಲೇ ಓಡಿದ 17 ಜನರಲ್ಲಿ ಹಾಗಾದದ್ದು ತೀರ ಕಡಿಮೆ ಮಂದಿಗೆ. ಅದೇ ಕಂಪನಿ, ಆರೋಗ್ಯದ ಲಾಭಗಳನ್ನು ಸಾಕಷ್ಟು ಆಧಾರವಿಲ್ಲದೆ ಹೇಳಿಕೊಂಡಿತು ಎಂಬ ಮೊಕದ್ದಮೆಯನ್ನು 2014ರಲ್ಲಿ ತಪ್ಪೊಪ್ಪಿಕೊಳ್ಳದೆ 37.5 ಲಕ್ಷ ಡಾಲರಿಗೆ ಇತ್ಯರ್ಥ ಮಾಡಿಕೊಂಡಿತು. ಇನ್ನೊಂದು ಕಡೆ, ಲಿವರ್‌ಪೂಲ್ ವಿಶ್ವವಿದ್ಯಾಲಯದವರು 2021ರಲ್ಲಿ ತೋರಿಸಿದ್ದು: ಆರು ತಿಂಗಳು ಬರೀ ನಿತ್ಯದ ಓಡಾಟಕ್ಕೆ ಇಂಥ ಶೂ ಹಾಕಿದವರ ಬೆರಳುಗಳ ಒತ್ತುಬಲ ಸರಾಸರಿ ಶೇ 57ರಷ್ಟು ಏರಿತ್ತು. ಎರಡನ್ನೂ ಒಟ್ಟಿಗಿಟ್ಟು ನೋಡಿದರೆ ನನಗೆ ತೋಚುವುದು ಇಷ್ಟು: ನಡೆಯಲು ಬಳಸಿ, ಓಡುವ ಯೋಚನೆಯನ್ನು ಕನಿಷ್ಠ ಒಂದು ವರ್ಷ ಬಿಡಿ. ಇಥಿಯೋಪಿಯದ ಓಟಗಾರ ಅಬೆಬೆ ಬಿಕಿಲ 1960ರ ರೋಮ್ ಒಲಿಂಪಿಕ್ಸ್ ಮ್ಯಾರಥಾನನ್ನು ಬರಿಗಾಲಿನಲ್ಲಿ ಗೆದ್ದದ್ದು ನಿಜ. ಅವರ ಕಾಲಿಗಿದ್ದ ತಯಾರಿ ಕುರ್ಚಿಯಲ್ಲಿ ಕೂರುವ ನಮ್ಮ ಕಾಲಿಗಿಲ್ಲ.

ನಡಿಗೆಯಲ್ಲಿ ಬೇಕಾದ ತಿದ್ದುಪಡಿ ಸಣ್ಣದು. ಬೇರ್‌ಫೂಟ್ ಎಂದೊಡನೆ ತುದಿಗಾಲಿನಲ್ಲಿ ನಡೆಯಬೇಕು ಎಂದು ಕೆಲವರು ಕಲಿತುಕೊಳ್ಳುತ್ತಾರೆ, ಮುಂಗಾಲಿನ ನೋವಿಗೆ ಅದೇ ನೇರ ದಾರಿ. ನಡೆಯುವಾಗ ಹಿಮ್ಮಡಿ ಮೊದಲು ತಾಗುವುದು ಬರಿಗಾಲಿನಲ್ಲೂ ಸಹಜ. ಕಾಲನ್ನು ತೀರ ಮುಂದಕ್ಕೆ ಚಾಚದೆ ಹೆಜ್ಜೆ ಸ್ವಲ್ಪ ಚಿಕ್ಕದು ಮಾಡಿ. ಮೊಸಾಯಿಕ್ ನೆಲದ ಮೇಲೆ ಧಪ್ ಧಪ್ ಸದ್ದು ಕೇಳುತ್ತಿದ್ದರೆ ಹೆಜ್ಜೆ ಉದ್ದವಾಗಿದೆ ಎಂದೇ ಲೆಕ್ಕ.

ನಮ್ಮ ರಸ್ತೆಗಳ ವಿಷಯ ವಿದೇಶಿ ವಿಡಿಯೊಗಳಲ್ಲಿ ಸಿಗುವುದಿಲ್ಲ. ಉತ್ತರ ಕರ್ನಾಟಕದ ಕಡೆ ಜಾಲಿ ಮುಳ್ಳು 4 ಮಿ.ಮೀ. ರಬ್ಬರನ್ನು ಸಲೀಸಾಗಿ ದಾಟುತ್ತದೆ, ಹೊಲ, ಬದು, ಕೆರೆ ಏರಿಗೆ ಇದು ಬೇಡ. ಏಪ್ರಿಲ್ ಮಧ್ಯಾಹ್ನದ ಟಾರಿನ ಕಾವು ತೆಳು ಅಟ್ಟೆಯೊಳಗೆ ಕೆಲವೇ ನಿಮಿಷದಲ್ಲಿ ಏರುತ್ತದೆ. ಗೀಯರ್ ಬೈಕ್ ಓಡಿಸುವವರ ಎಡ ಶೂನ ಮೇಲ್ಬಟ್ಟೆ ಲಿವರ್ ಉಜ್ಜಿ ಬೇಗ ಹರಿಯುತ್ತದೆ, ಬಿದ್ದರೆ ಗಿಣ್ಣಿಗೆ ರಕ್ಷಣೆಯೂ ಇಲ್ಲ. ಬೈಕಿಗೆ ಬೇರೆ ಶೂ ಇಟ್ಟುಕೊಳ್ಳಿ. ಮಳೆಗಾಲಕ್ಕೆ ನುಣುಪು ಅಟ್ಟೆಯದು ಕೊಂಡರೆ ಒದ್ದೆ ಗ್ರಾನೈಟಿನ ಮೇಲೆ ಜಾರುವುದು ಖಂಡಿತ, ಸಣ್ಣ ಸಣ್ಣ ಗೆರೆ ಕೊರೆದ ಮೆದು ರಬ್ಬರಿನದು ನೋಡಿ. ಒದ್ದೆಯಾದರೆ ಇನ್‌ಸೋಲ್ ತೆಗೆದು ಫ್ಯಾನಿನ ಕೆಳಗೆ ಒಣಗಿಸಿ, ಸುಡುಬಿಸಿಲಿನಲ್ಲಿ ಇಟ್ಟರೆ ಅಂಟು ಬಿಡುತ್ತದೆ. ಕುಗ್ಗಿಹೋಗುವ ದಪ್ಪ ಫೋಮ್ ಇಲ್ಲದ್ದರಿಂದ ಇವು ರಬ್ಬರ್ ಸವೆಯುವವರೆಗೂ ಬಾಳುತ್ತವೆ. ಸವೆದ ಜಾಗಕ್ಕೆ ಚಪ್ಪಲಿ ರಿಪೇರಿಯವರ ಹತ್ತಿರ 2 ಮಿ.ಮೀ. ರಬ್ಬರ್ ಶೀಟ್ ಅಂಟಿಸಬಹುದು. ಮುಂಗಾಲಿಗೂ ಹಿಮ್ಮಡಿಗೂ ಒಟ್ಟಿಗೇ ಹಾಕಿಸಿ, ಹಿಮ್ಮಡಿಗೊಂದೇ ಹಾಕಿಸಿದರೆ ಮತ್ತೆ ಹೀಲ್ ಎದ್ದಂತಾಗುತ್ತದೆ.

ಕೆಲವರಿಗೆ ಇದು ಸಲ್ಲದು, ಇಲ್ಲಿ ನನ್ನ ಮಾತು ಖಡಾಖಂಡಿತ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರು ತೆಳು ಅಟ್ಟೆ ಹಾಕಲೇಬಾರದು. ಕಲ್ಲು ಒತ್ತಿದ್ದು ಗೊತ್ತಾಗದೆ ಹುಣ್ಣಾಗುತ್ತದೆ, ಹುಣ್ಣು ಬೆರಳನ್ನೇ ಬಲಿ ಕೇಳಬಹುದು. ಅವರಿಗೆ ಮೆತ್ತನೆಯ ಎಂಸಿಆರ್ (ಮೈಕ್ರೋಸೆಲ್ಯುಲರ್ ರಬ್ಬರ್) ಚಪ್ಪಲಿಯೋ ವೈದ್ಯರು ಹೇಳಿದ ಪಾದರಕ್ಷೆಯೋ ಸರಿ. ಮಧುಮೇಹ ಇರುವವರೆಲ್ಲ ಮೊದಲು 10 ಗ್ರಾಂ ನೈಲಾನ್ ಎಳೆಯಿಂದ ಪಾದ ಮುಟ್ಟಿ ನೋಡುವ ಪರೀಕ್ಷೆ ಮಾಡಿಸಿಕೊಳ್ಳಿ, ಕೆಲವೇ ನಿಮಿಷದ ಕೆಲಸ. ಹೆಬ್ಬೆರಳ ಕೀಲು ಸವೆದು ಮಡಚಲಾಗದವರಿಗೂ ಮೆದು ಶೂ ಕೆಟ್ಟದ್ದು, ಗಟ್ಟಿ ಅಟ್ಟೆಯೇ ಅವರ ನೋವು ತಗ್ಗಿಸುವುದು. ಮೂಳೆ ಸವೆತ ಇರುವವರು ವೈದ್ಯರನ್ನು ಕೇಳದೆ ಶುರು ಮಾಡಬಾರದು.

ಮಕ್ಕಳ ವಿಷಯಕ್ಕೆ ಬಂದರೆ ನಮ್ಮಲ್ಲೇ ನಡೆದ ಒಂದು ಅಧ್ಯಯನವಿದೆ. ಮಣಿಪಾಲದ ಕಸ್ತೂರಬಾ ಮೆಡಿಕಲ್ ಕಾಲೇಜಿನ ಯು.ಬಿ. ರಾವ್ ಮತ್ತು ಬೆಂಜಮಿನ್ ಜೋಸೆಫ್ 2300 ಮಕ್ಕಳ ಪಾದದ ಅಚ್ಚು ಪರೀಕ್ಷಿಸಿ 1992ರಲ್ಲಿ ಪ್ರಕಟಿಸಿದರು. ಪಾದರಕ್ಷೆ ಹಾಕುವ ಮಕ್ಕಳಲ್ಲಿ ಶೇ 8.6, ಬರಿಗಾಲಿನ ಮಕ್ಕಳಲ್ಲಿ ಶೇ 2.8 ಮಂದಿಗೆ ಚಪ್ಪಟೆ ಪಾದವಿತ್ತು. ಮುಂದೆ ಮುಚ್ಚಿದ ಶೂ ಹಾಕುವವರಲ್ಲೇ ಹೆಚ್ಚು, ಚಪ್ಪಲಿ, ಸ್ಯಾಂಡಲ್‌ನವರಲ್ಲಿ ಅದಕ್ಕಿಂತ ಕಡಿಮೆ. ಇದೊಂದರಿಂದ ಶೂನಿಂದಲೇ ಹಾಗಾಯಿತು ಎಂದು ಸಾಬೀತಾಗುವುದಿಲ್ಲ, ಚಪ್ಪಟೆ ಪಾದ ಎಲ್ಲರಿಗೂ ತೊಂದರೆ ಕೊಡುವುದೂ ಇಲ್ಲ. ಆದರೂ ಬೆಳೆಯುವ ಪಾದವನ್ನು ದಿನಕ್ಕೆ ಏಳೆಂಟು ಗಂಟೆ ಚೂಪು ಮೂತಿಯ ಕಪ್ಪು ಶೂನೊಳಗೆ ತುರುಕಲು ಯಾವ ಸಮರ್ಥನೆಯೂ ನನಗೆ ಕಾಣುವುದಿಲ್ಲ. ಸ್ಯಾಂಡಲ್ ಹಾಕಲು ಬಿಡುವಂತೆ ಪೋಷಕರ ಸಭೆಯಲ್ಲಿ ಕೇಳಿ. ಒಪ್ಪದಿದ್ದರೆ ದುಂಡು ಮೂತಿಯ, ಕೈಯಿಂದ ಸುಲಭವಾಗಿ ಬಗ್ಗುವ ಕಪ್ಪು ಶೂ ಹುಡುಕಿ. ‘ಎರಡು ವರ್ಷ ಬರಲಿ’ ಎಂದು ಎರಡು ನಂಬರ್ ದೊಡ್ಡದು ಕೊಡಿಸಬೇಡಿ, ಜೂನ್‌ನಲ್ಲಿ ಕೊಂಡದ್ದು ಮಾರ್ಚ್‌ವರೆಗೆ ಬರುತ್ತದೆ ಎಂದೂ ಸುಮ್ಮನಿರಬೇಡಿ. ಮೂರು ತಿಂಗಳಿಗೊಮ್ಮೆ ಮಗುವನ್ನು ಇನ್‌ಸೋಲ್ ಮೇಲೆ ನಿಲ್ಲಿಸಿ ನೋಡಿ. ಬೆರಳ ಮುಂದೆ 5 ಮಿ.ಮೀ.ಗಿಂತ ಕಡಿಮೆ ಉಳಿದಿದ್ದರೆ ಆ ಶೂ ಚಿಕ್ಕದಾಗಿದೆ.