ಒಂದೇ ಹುಳಕ್ಕೆ ಬರೆದ ಚೀಟಿ

ಮೆಕ್ಕೆಜೋಳದ ಸುಳಿ ಬಿಡಿಸಿ ನೋಡಿದ್ದೀರಾ? ಒಳಗೆ ಮರ ಕೊಯ್ದ ಪುಡಿಯಂಥ ಹಸಿ ಹಿಕ್ಕೆ. ಅದರಡಿ ಮುದುಡಿ ಕೂತ ಹುಳ. ತಲೆ ಮೇಲೆ ವೈ ಅಕ್ಷರ ತಲೆಕೆಳಗಾದಂಥ ಬಿಳಿ ಗೆರೆ. ಫಾಲ್ ಸೈನಿಕ ಹುಳು. 2018ರಲ್ಲಿ ಇದು ಭಾರತದಲ್ಲಿ ಮೊದಲು ಕಾಣಿಸಿದ್ದೇ ನಮ್ಮ ಶಿವಮೊಗ್ಗ ಕಡೆ. ಆಮೇಲೆ ಪ್ರತಿ ಮಳೆಗಾಲ ಅಣ್ಣ ಬೆನ್ನಿಗೆ ಪಂಪು ಏರಿಸಿ ಕೀಟನಾಶಕದ ಎಣ್ಣೆ ಹೊಡೆಯುತ್ತಾನೆ. ಎರಡು ಸಲ ಸೋಪು ಹಾಕಿದರೂ ಅವನ ಟವೆಲಿನ ವಾಸನೆ ಹೋಗಲ್ಲ. ಆ ಎಣ್ಣೆಗೆ ಹುಳ ಯಾವುದು, ಜೇನು ಯಾವುದು, ಹುಳ ತಿನ್ನುವ ಜೇಡ ಯಾವುದು ಅಂತ ಗೊತ್ತಾಗಲ್ಲ.

ಅದಕ್ಕೇ ಆರ್‌ಎನ್‌ಎ ಕೀಟನಾಶಕದ ಬಗ್ಗೆ ಓದಿದಾಗ ನನಗೆ ನಿಜಕ್ಕೂ ಆಸೆ ಹುಟ್ಟಿತು. 2023ರ ಡಿಸೆಂಬರಿನಲ್ಲಿ ಅಮೆರಿಕ ಲೆಡ್‌ಪ್ರೋನಾ ಎಂಬ ಸಿಂಪಡಣೆಗೆ ಒಪ್ಪಿಗೆ ಕೊಟ್ಟಿತು. ಅದು ಆಲೂಗಡ್ಡೆ ಗಿಡ ಬೋಳು ಮಾಡುವ ಕೊಲೊರಾಡೊ ದುಂಬಿಗೆ. 50ಕ್ಕೂ ಜಾಸ್ತಿ ಔಷಧಿಗಳನ್ನು ಅರಗಿಸಿಕೊಂಡಿರುವ ದುಂಬಿ ಅದು.

ಕೆಲಸ ಮಾಡೋದು ಹೀಗೆ. ಜೀವಕೋಶದಲ್ಲಿ ಯಾವ ಪ್ರೋಟೀನ್ ಮಾಡಬೇಕು ಅನ್ನೋದಕ್ಕೆ ಜೀನಿನಿಂದ ಒಂದು ಚೀಟಿ ಬರುತ್ತೆ. ಆ ಚೀಟಿ ಆರ್‌ಎನ್‌ಎ ಎಂಬ ಅಣುವಿನದು. ದುಂಬಿ ಎಲೆ ಜೊತೆ ತಿಂದ, ಸಿಂಪಡಣೆಯಲ್ಲಿದ್ದ ಎರಡೆಳೆ ಆರ್‌ಎನ್‌ಎ ಅದರ ಮೈಯೊಳಗೆ ಚೂರಾಗುತ್ತೆ. ಆ ಚೂರುಗಳು ತಮಗೆ ಅಕ್ಷರ ಹೊಂದುವ ಚೀಟಿ ಹುಡುಕಿ ಹರಿದುಹಾಕಿಬಿಡುತ್ತವೆ. ಲೆಡ್‌ಪ್ರೋನಾ ಹರಿದುಹಾಕೋದು ಜೀವಕೋಶದ ಕಸ ತೆಗೆಯುವ ಯಂತ್ರದ ಚೀಟಿಯನ್ನು. ಕಸ ಕಟ್ಟಿಕೊಳ್ಳುತ್ತೆ, ದುಂಬಿ ಮೇಯೋದು ಬಿಡುತ್ತೆ, ಕೆಲವು ದಿನದಲ್ಲಿ ಸಾಯುತ್ತೆ. ಅಕ್ಷರ ಹೊಂದದ ಜೀವಿಯಲ್ಲಿ ಹರಿದುಹಾಕೋಕೆ ಚೀಟಿಯೇ ಇರಲ್ಲ.

ಜೀನ್ ಅಂದ ಕೂಡಲೇ ಹೆದರುವವರಿಗೆ ಒಂದು ಮಾತು. ಇಲ್ಲಿ ಗಿಡದ ಜೀನ್ ಮುಟ್ಟಲ್ಲ, ಎಲೆ ಮೇಲೆ ಹೊಡೆಯೋದಷ್ಟೆ. ನಾವು ತಿನ್ನುವ ಸೊಪ್ಪಿನಲ್ಲೂ ಆರ್‌ಎನ್‌ಎ ಇದೆ. ಮಣ್ಣಿಗೆ ಬಿದ್ದರೆ ಕೆಲವೇ ದಿನದಲ್ಲಿ ಕರಗಿಹೋಗುತ್ತೆ.

ನನ್ನ ಚಿಂತೆ ಬೇರೆ. ಒಂದೇ ಹುಳಕ್ಕೆ ಬರೆದ ಔಷಧಿಯನ್ನು ಹೊರಗಿಂದ ತರಿಸಿ ಏನು ಮಾಡೋಣ? ಕೊಲೊರಾಡೊ ದುಂಬಿ ನಮ್ಮ ದೇಶದಲ್ಲೇ ಇಲ್ಲ. ನಮ್ಮ ಹುಳದ ಚೀಟಿ ನಾವೇ ಓದಬೇಕು, ಅಲ್ವಾ? ಅದೂ ಸುಲಭವಲ್ಲ. ದುಂಬಿಗಳಿಗೆ ಹತ್ತುವಷ್ಟು ಚೆನ್ನಾಗಿ ಇದು ಸೈನಿಕ ಹುಳುವಿನಂಥ ಕಂಬಳಿಹುಳ ಜಾತಿಗೆ ಹತ್ತಲ್ಲ. ಹೊಟ್ಟೆಯ ರಸವೇ ಆರ್‌ಎನ್‌ಎಯನ್ನು ಕಡಿದು ಹಾಕುತ್ತೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದವರು ಆರ್‌ಎನ್‌ಎಯನ್ನು ಸಣ್ಣ ಜೇಡಿಮಣ್ಣಿನ ಕಣಗಳಿಗೆ ಅಂಟಿಸಿ ಎಲೆಗೆ ಹೊಡೆದರು. ತಂಬಾಕು ಗಿಡಕ್ಕೆ ವೈರಸ್‌ನಿಂದ 20 ದಿನ ರಕ್ಷಣೆ ಸಿಕ್ಕಿತು. ಹುಳದ ಹೊಟ್ಟೆ ದಾಟಿಸಲೂ ಇಂಥದ್ದೇ ಜಾಣತನ ಬೇಕು.

ಇನ್ನೊಂದು ವಿಷಯ. ಪ್ರಯೋಗಶಾಲೆಯಲ್ಲಿ ಕೊಲೊರಾಡೊ ದುಂಬಿ ಆರ್‌ಎನ್‌ಎಯನ್ನೂ ತಡೆದುಕೊಳ್ಳೋದು ಕಲಿತಿದೆ. ಹುಳ ತಡೆಯಲೆಂದೇ ಜೀನ್ ಸೇರಿಸಿದ ಬಿಟಿ ಹತ್ತಿಯಲ್ಲಿ ಗುಲಾಬಿ ಕಾಯಿಕೊರಕ ಮತ್ತೆ ಎದ್ದು ಬಂದದ್ದನ್ನು ನಾವು ಕಂಡಿದ್ದೇವೆ. ಹಾಗಾಗಿ ಇದನ್ನೂ ಬೇರೆ ಔಷಧಿಗಳ ಜೊತೆ ಸರದಿಯಲ್ಲೇ ಬಳಸಬೇಕು.

ಹೆಬ್ಬಾಳದಲ್ಲಿ ಕೇಂದ್ರದ ಕೃಷಿ ಕೀಟ ಬ್ಯೂರೊ ಇದೆ, ಹೆಸರಘಟ್ಟದಲ್ಲಿ ತೋಟಗಾರಿಕೆ ಸಂಶೋಧನಾ ಸಂಸ್ಥೆ ಇದೆ. ಈ ಕೆಲಸಕ್ಕೆ ಸರ್ಕಾರ ಧಾರಾಳವಾಗಿ ದುಡ್ಡು ಕೊಡಲಿ. ಕಂಪನಿ ಬರುವವರೆಗೆ ಕಾಯೋದು ಬೇಡ. ಸಂಶೋಧಕರು ಯಾರಾದರೂ ಇದನ್ನು ಓದುತ್ತಿದ್ದರೆ, ಬಿತ್ತನೆ ಆಗಿ 20 ದಿನಕ್ಕೆ ನಮ್ಮ ಹೊಲಕ್ಕೆ ಬನ್ನಿ. ಪ್ರಯೋಗಕ್ಕೆ ನಾಲ್ಕು ಸಾಲು ಬಿಟ್ಟುಕೊಡ್ತೀನಿ ಅಂತ ಅಣ್ಣ ಹೇಳಿದ್ದಾನೆ.