ಸತ್ಯಾಂಶ: ಒಂದು ಜೋಡಿ ಲೆಪರ್ಡ್ ಗೆಕ್ಕೊ (ಚುಕ್ಕೆಯ ಸಾಕುಹಲ್ಲಿ) ಸಾಕಿದರೆ ವರ್ಷಕ್ಕೆ ಲಕ್ಷ ಬರುತ್ತಾ?

"ಜೋಡಿ ತಂದು ಬಿಡಿ, ಮೊಟ್ಟೆಗೆ ಬಿಸಿ ಜಾಸ್ತಿ ಕೊಟ್ಟರೆ ಗಂಡು, ಕಮ್ಮಿ ಕೊಟ್ಟರೆ ಹೆಣ್ಣು, ಮಾರಿ ಲಕ್ಷ ಎಣಿಸಿ." ಅಮೆರಿಕದಲ್ಲಿರುವ ನೆಂಟರೊಬ್ಬರು ಈ ಫಾರ್ವರ್ಡ್ ಕಳಿಸಿ ನಿಜವಾ ಅಂತ ಕೇಳಿದರು.

ಅರ್ಧ ನಿಜ. ಈ ಹಲ್ಲಿಯ ಮರಿ ಗಂಡೋ ಹೆಣ್ಣೋ ಅನ್ನೋದು ಮೊಟ್ಟೆಗೆ ಸಿಗುವ ಶಾಖದ ಮೇಲೇ ನಿಂತಿದೆ. ಆದರೆ ಲೆಕ್ಕ ಅಷ್ಟು ನೇರ ಇಲ್ಲ: 26–28 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬಹುತೇಕ ಹೆಣ್ಣು, 32ರ ಆಸುಪಾಸಿನಲ್ಲಿ ಗಂಡು ಜಾಸ್ತಿ, 34 ದಾಟಿದರೆ ಮತ್ತೆ ಹೆಣ್ಣೇ, ಜೊತೆಗೆ ಮೊಟ್ಟೆ ಕೆಡುವ ಭಯ ಬೇರೆ.

ಒಂದು ಸಲಕ್ಕೆ ಸಿಗುವುದು ಸಾಮಾನ್ಯವಾಗಿ ಎರಡೇ ಮೊಟ್ಟೆ. ಕೋಳಿಮೊಟ್ಟೆ ಥರ ಗಟ್ಟಿ ಅಲ್ಲ, ಮೆತ್ತಗಿನ ಚರ್ಮದಂಥ ಸಿಪ್ಪೆ. ಕತ್ತಲಲ್ಲಿ ಹಿಂದಿನಿಂದ ಸಣ್ಣ ಟಾರ್ಚ್ ಹಿಡಿದರೆ ಒಳಗೆ ಗುಲಾಬಿ ಬಣ್ಣದ ಉಂಗುರ, ಕೆಂಪು ನರಗಳು ಕಾಣುತ್ತವೆ. ಕಂಡರೆ ಜೀವ ಇದೆ ಅಂತ. ಮೊಟ್ಟೆಯನ್ನು ಸುಮ್ನೆ ಹೊರಳಿಸಬಾರದು, ಒಳಗಿನ ಪಿಂಡ ಸಾಯಬಹುದು.

ಇನ್ನು ಖರ್ಚು. ಇವು ಸೊಪ್ಪು ತಿನ್ನಲ್ಲ, ಜೀವಂತ ಹುಳ, ಮಿಡತೆಯಂಥವೇ ಬೇಕು, ಅದಕ್ಕೂ ಕ್ಯಾಲ್ಸಿಯಂ ಪುಡಿ ಹಚ್ಚಬೇಕು. ಮರಿಗೊಂದು ಪೆಟ್ಟಿಗೆ. ಮಾರಾಟ ಆಗದಿದ್ದರೆ 15–20 ವರ್ಷ ನಿಮ್ಮ ಮನೆಯಲ್ಲೇ ಇರುತ್ತವೆ, ಅಲ್ವಾ? ಸಾದಾ ಚುಕ್ಕೆಯ ಮರಿಗಳು ಅಮೆರಿಕದಲ್ಲಿ ಬೇಕಾದಷ್ಟಿವೆ, ಬೆಲೆ ಸಿಗುವುದು ಅಪರೂಪದ ಬಣ್ಣಕ್ಕೆ.