ಹೊಗೆ ಬಿಟ್ಟು ಹೋದರು, ನೀರು ಅಲ್ಲೇ ಇದೆ

ನಿನ್ನೆ ಸಂಜೆ ಏಳು ಗಂಟೆಗೆ ಹಾಸನದ ನಮ್ಮ ಬಡಾವಣೆಗೆ ಸೊಳ್ಳೆ ಸಾಯಿಸಲು ಹೊಗೆ ಬಿಡುವ ಫಾಗಿಂಗ್ ಗಾಡಿ ಬಂತು. ಬೀದಿಯ ಆ ತುದಿಯಿಂದ ಈ ತುದಿಗೆ ಹೊಗೆ. ಹಿಂದೆ ಮಕ್ಕಳ ಸೈನ್ಯ. ಮುಂದೆ ಒಬ್ಬರು ಫೋಟೋ ತೆಗೆಯುತ್ತಿದ್ದರು. ಐದು ನಿಮಿಷ, ಅಷ್ಟೇ. ರಾತ್ರಿ ವಾಟ್ಸಾಪ್ ಗ್ರೂಪಿಗೆ ಫೋಟೋ ಬಂತು, ಕೆಳಗೆ ಸಾಲುಸಾಲು ಕೈಮುಗಿದ ಚಿತ್ರ. ನನಗೆ ಮೈ ಉರಿಯಿತು.

ನಮ್ಮ ಪಕ್ಕದಲ್ಲಿ ಅರ್ಧಕ್ಕೆ ನಿಂತ ಕಟ್ಟಡ ಇದೆ. ಎರಡು ವರ್ಷದಿಂದ ಬರೀ ಪಿಲ್ಲರ್. ಓನರ್ ಬೆಂಗಳೂರಿನಲ್ಲಿ. ಈ ಸಲ ಪುಷ್ಯ ಮಳೆ ಹಿಡಿದದ್ದು ಬಿಡಲೇ ಇಲ್ಲ, ಸೆಲ್ಲಾರಿನಲ್ಲಿ ಮೊಣಕಾಲುದ್ದ ನೀರು. ಚರಂಡಿ ನೀರಲ್ಲ, ತಿಳಿ ಮಳೆ ನೀರು. ಡೆಂಗಿ ಸೊಳ್ಳೆಗೆ ಅದೇ ಬೇಕು. ಟಾರ್ಚ್ ಬಿಟ್ಟರೆ ಹುಳ ಕುಣಿಯುವುದು ಕಾಣುತ್ತದೆ. ಹೊಗೆ ಗಾಡಿ ಅದೇ ಗೇಟಿನ ಮುಂದೆ ಹಾದು ಹೋಯಿತು. ಒಬ್ಬರೂ ಇಣುಕಲಿಲ್ಲ.

ಹೊಗೆಗೆ ಸಾಯುವುದು ಆಗ ಹಾರುತ್ತಿರುವ ಸೊಳ್ಳೆ ಮಾತ್ರ. ನೀರೊಳಗಿನ ಮರಿಗೆ ಏನೂ ಆಗುವುದಿಲ್ಲ. ಮೊಟ್ಟೆ ಸೊಳ್ಳೆಯಾಗಲು ಎಂಟು-ಹತ್ತು ದಿನ ಸಾಕು. ಅದೂ ಅಲ್ಲದೆ ಡೆಂಗಿ ಸೊಳ್ಳೆ ಕಚ್ಚುವುದು ಹಗಲು ಹೊತ್ತು. ಇವರು ಬರುವ ವೇಳೆಗೆ ಅದು ಯಾರ ಮನೆಯ ಮಂಚದ ಕೆಳಗೋ, ನೇತುಹಾಕಿದ ಬಟ್ಟೆಯ ಸಂದಿಯಲ್ಲೋ ಕೂತಿರುತ್ತದೆ. ಹೊಗೆ ಬರುತ್ತದೆ ಅಂತ ನಾವೂ ಕಿಟಕಿ ಮುಚ್ಚಿಕೊಳ್ಳುತ್ತೇವೆ. ಚೆನ್ನಾಗಿದೆ ಅಲ್ವಾ?

ಹೋದ ವಾರ ಆಶಾ ಕಾರ್ಯಕರ್ತೆ ಬಂದಿದ್ದರು. ಅವರ ಮೇಲೆ ಸಿಟ್ಟಿಲ್ಲ. ಪಾಪ, ಜಡಿಮಳೆಯಲ್ಲಿ ಕೊಡೆ ಹಿಡಿದು ಮನೆಮನೆ ತಿರುಗುತ್ತಾರೆ. ನಮ್ಮ ಫ್ರಿಜ್ ಹಿಂದಿನ ಟ್ರೇ ಎಳೆದರೆ ಅದರಲ್ಲೂ ಹುಳ! ಮಾನ ಹೋಯಿತು. "ಬರೀ ಚೆಲ್ಲಿದರೆ ಸಾಲದು ಅಕ್ಕಾ, ಉಜ್ಜಿ ತೊಳೀರಿ, ಮೊಟ್ಟೆ ಅಂಟಿಕೊಂಡಿರುತ್ತೆ" ಅಂತ ನನ್ನ ಹೆಂಡತಿಗೆ ಹೇಳಿದರು. ತಪ್ಪು ನಮ್ಮದೇ, ಅವತ್ತೇ ತೊಳೆದೆವು. ಆಮೇಲೆ ಸೆಲ್ಲಾರ್ ತೋರಿಸಿದೆ. "ಬರ್ಕೊಂಡು ಹೋಗ್ತೀನಿ ಸಾರ್, ಗೇಟಿಗೆ ಬೀಗ ಇದೆಯಲ್ಲ" ಅಂದರು.

ಕಚೇರಿಗೆ ಫೋನ್ ಮಾಡಿದರೆ "ಅದು ಪ್ರೈವೇಟ್ ಜಾಗ" ಅಂತಾರೆ. ನಮ್ಮ ಅಡುಗೆಮನೆ ಏನು ಸರ್ಕಾರದ್ದಾ? 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿದಾಗ ಸರ್ಕಾರವೇ ದಂಡ ಗೊತ್ತುಮಾಡಿತ್ತು. ಸೊಳ್ಳೆಗೆ ಜಾಗ ಕೊಟ್ಟರೆ ಪೇಟೆಯ ಮನೆಗೆ 400 ರೂಪಾಯಿ, ಕಟ್ಟಡ ಕೆಲಸದ ಜಾಗಕ್ಕೆ 2,000. ಕೆಲಸ ನಿಂತು ಪಾಳುಬಿದ್ದಿದ್ದರೂ ಅಷ್ಟೇ. ಆ 2,000ದ ರಸೀದಿ ನಮ್ಮ ಬೀದಿಯಲ್ಲಿ ಯಾರೂ ಕಂಡಿಲ್ಲ. ಓನರಿಗೂ ಫೋನ್ ಮಾಡಿದೆ. "ಮಳೆ ನಿಲ್ಲಲಿ, ಪಂಪ್ ಹಾಕಿಸ್ತೀನಿ" ಅಂದರು. ಮಳೆ ನಿಲ್ಲುವುದರೊಳಗೆ ಇನ್ನೆಷ್ಟು ತಲೆಮಾರು ಸೊಳ್ಳೆ ಹಾರುತ್ತವೋ! ಪಂಪ್ ಬೇಡ, ಮರಿ ತಿನ್ನುವ ಗಂಬೂಸಿಯಾ ಮೀನು ತಂದು ಬಿಟ್ಟರೂ ಆಗುತ್ತಿತ್ತು.

ಎದುರು ಮನೆ ಪಾಪುಗೆ ಮೂರು ದಿನದಿಂದ ಜ್ವರ. ಇವತ್ತು ರಕ್ತ ಪರೀಕ್ಷೆಗೆ ಕೊಟ್ಟಿದ್ದಾರೆ. ಅವರ ಮನೆಯಲ್ಲೇ ಒಂದು ಡೀಸೆಲ್ ಪಂಪ್ ಸುಮ್ನೆ ಬಿದ್ದಿದೆ. ನಾಳೆ ಭಾನುವಾರ, ಡೀಸೆಲ್ ನಾನು ತರುತ್ತೇನೆ, ಕಾಂಪೌಂಡ್ ಮೇಲಿಂದ ಪೈಪ್ ಇಳಿಸೋಣ. ಫೋಟೋ ತೆಗೆಯುವವರು ಬೇಕಾದರೆ ಬೆಳಿಗ್ಗೆ ಎಂಟಕ್ಕೆ ಬರಲಿ.